‘ಐದು ವರ್ಷದಿಂದ’ ಅನ್ನೋದಕ್ಕೆ ಸಿನ್ಸ್ ಯಾಕೆ ಬೇಡ?

ಪ್ರಶ್ನೆ: ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂತ ಮೇಲ್‌ನಲ್ಲಿ ಬರೆದೆ. ಮ್ಯಾನೇಜರ್ ತಿದ್ದಿ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಮಾಡಿದರು. ನಾನು ಈಗಲೂ ಅಲ್ಲೇ ಇದ್ದೀನಲ್ಲ, ‘ಆಮ್’ ಯಾಕೆ ತಪ್ಪು?

ಉತ್ತರ: ಒಂದೇ ಸಾಲಿನಲ್ಲಿ ಎರಡು ತಪ್ಪು, ಎರಡಕ್ಕೂ ಕಾರಣ ನಮ್ಮ ಕನ್ನಡವೇ. ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ’ ಅನ್ನುವುದು ಒಳ್ಳೆ ಕನ್ನಡ. ಅದನ್ನು ಪದಕ್ಕೆ ಪದ ಜೋಡಿಸಿದರೆ ನೀವು ಬರೆದದ್ದೇ ಬರುತ್ತದೆ.

ಮೊದಲು ‘ಇಂದ’ದ ವಿಷಯ. ನಾವು ‘2019ರಿಂದ’ ಅಂತಲೂ ಹೇಳುತ್ತೇವೆ, ‘ಐದು ವರ್ಷದಿಂದ’ ಅಂತಲೂ ಹೇಳುತ್ತೇವೆ. ಇಂಗ್ಲಿಷ್‌ನಲ್ಲಿ ಇವೆರಡೂ ಬೇರೆ. ಯಾವಾಗ ಶುರುವಾಯಿತು ಅಂತ ಹೇಳಿದರೆ ಸಿನ್ಸ್, ಎಷ್ಟು ಕಾಲ ಆಯಿತು ಅಂತ ಅಳತೆ ಹೇಳಿದರೆ ಫಾರ್. ಅನುಮಾನ ಬಂದರೆ ಗೋಡೆ ಕ್ಯಾಲೆಂಡರ್ ಮುಂದೆ ನಿಂತು ಬೆರಳಿಟ್ಟು ತೋರಿಸಲು ಆಗುತ್ತದಾ ನೋಡಿ. ಸೋಮವಾರವನ್ನು ತೋರಿಸಬಹುದು, ಯುಗಾದಿಯನ್ನೂ ತೋರಿಸಬಹುದು, ಹಾಗಾಗಿ ಸಿನ್ಸ್ ಮಂಡೇ, ಸಿನ್ಸ್ ಯುಗಾದಿ. ಬರೀ ‘ಮೂರು ದಿನ’ ಅಂದರೆ ಎಲ್ಲಿ ಅಂತ ಬೆರಳಿಡುತ್ತೀರಿ? ಅದು ಫಾರ್ ತ್ರೀ ಡೇಸ್.

ಇನ್ನು ‘ಆಮ್’. ಆಮ್ ವರ್ಕಿಂಗ್ ಅಂದರೆ ಈಗಿನ ಮಾತಷ್ಟೇ. ಹಿಂದೆ ಶುರುವಾದದ್ದು ಇವತ್ತಿನವರೆಗೂ ನಡೆದುಕೊಂಡು ಬಂದಿದೆ ಅನ್ನಲು ಹ್ಯಾವ್ ಬೀನ್ ಬೇಕೇ ಬೇಕು.

ಹಾಗಂತ ಹ್ಯಾವ್ ಅನ್ನು ಎಲ್ಲ ಕಡೆ ತುರುಕಬೇಡಿ. ‘ನಿನ್ನೆ ನೋಡಿದ್ದೀನಿ’ ಅನ್ನುವ ಅಭ್ಯಾಸದಿಂದ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಅನ್ನುವವರು ತುಂಬಾ ಜನ. ನಿನ್ನೆ, ಹೋದ ವಾರ, 2010ರಲ್ಲಿ ಅಂತ ಮುಗಿದುಹೋದ ಕಾಲದ ಹೆಸರು ಬಂತೋ, ಹ್ಯಾವ್ ಅಲ್ಲಿಂದ ಎದ್ದು ಹೋಗಬೇಕು. ‘ಐ ಸಾ ಹಿಮ್ ಯೆಸ್ಟರ್‌ಡೇ’, ಅಷ್ಟೇ.

ಪ್ರಶ್ನೆ: ಎ, ದಿ ಎರಡೂ ಕನ್ನಡದಲ್ಲಿ ಇಲ್ಲವೇ ಇಲ್ಲ. ಎಲ್ಲಿ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಉತ್ತರ: ಪದ ಇಲ್ಲ ನಿಜ, ಆದರೆ ಆ ವ್ಯತ್ಯಾಸ ನಿಮ್ಮ ಬಾಯಲ್ಲಿ ದಿನಾ ಬರುತ್ತದೆ. ‘ಮನೆ ಹುಡುಕ್ತಿದ್ದೀನಿ’ ಅಂದರೆ ಬಾಡಿಗೆಗೆ ಯಾವುದಾದರೂ ಒಂದು ಸಿಕ್ಕರೆ ಸಾಕು. ‘ಮನೆಯನ್ನ ಹುಡುಕ್ತಿದ್ದೀನಿ’ ಅಂದರೆ ಕೈಯಲ್ಲಿ ಅಡ್ರೆಸ್ ಚೀಟಿ ಇದೆ, ನಾಲ್ಕನೇ ಕ್ರಾಸ್‌ನಲ್ಲಿ ಆಟೋ ನಿಲ್ಲಿಸಿ ಕೇಳುತ್ತಿದ್ದೀರಿ. ಮೊದಲನೆಯದು ಎ ಹೌಸ್, ಎರಡನೆಯದು ದಿ ಹೌಸ್. ಆ ಪುಟ್ಟ ‘ಅನ್ನು’ ಮಾಡುವ ಕೆಲಸವನ್ನೇ ಅಲ್ಲಿ ‘ದಿ’ ಮಾಡುತ್ತದೆ. ಮನುಷ್ಯರ ವಿಷಯಕ್ಕೆ ಈ ಉಪಾಯ ನಡೆಯುವುದಿಲ್ಲ, ಅವರಿಗೆ ಸಾಮಾನ್ಯವಾಗಿ ‘ಅನ್ನು’ ಇದ್ದೇ ಇರುತ್ತದೆ. ಆಗ ಕೇಳುವವರು ‘ಯಾವುದು?’ ‘ಯಾರು?’ ಅಂತ ತಿರುಗಿ ಕೇಳುತ್ತಾರಾ ಯೋಚಿಸಿ. ಕೇಳುವ ಹಾಗಿದ್ದರೆ ಎ, ಅವರಿಗೆ ಆಗಲೇ ಗೊತ್ತಿದ್ದರೆ ದಿ. ಮುಕ್ಕಾಲು ಪಾಲು ಇದರಲ್ಲೇ ಸರಿಹೋಗುತ್ತದೆ. ಉಳಿದದ್ದಕ್ಕೆ, ಅಂದರೆ ನದಿಗೆ ದಿ ಬೇಕು ಊರಿಗೆ ಬೇಡ ಅನ್ನುವಂಥದ್ದಕ್ಕೆ, ಕಾರಣ ಹುಡುಕುತ್ತಾ ಕೂರಬೇಡಿ. ದಿ ಕಾವೇರಿ, ಆದರೆ ಬರೀ ಮೈಸೂರು. ಸುಮ್ನೆ ನೆನಪಿಟ್ಟುಕೊಳ್ಳಿ.

ಪ್ರಶ್ನೆ: ‘ಯೂನಿವರ್ಸಿಟಿ’ ಹಿಂದೆ ಎ, ‘ಎಮ್ಮೆಲ್ಲೆ’ ಹಿಂದೆ ಆನ್. ಯೂ ಸ್ವರ ಅಲ್ವಾ?

ಉತ್ತರ: ಅಕ್ಷರ ನೋಡಬೇಡಿ, ಸದ್ದು ಕೇಳಿ. ಕನ್ನಡ ಲಿಪಿಯಲ್ಲಿ ಬರೆದರೆ ಉತ್ತರ ಅಲ್ಲೇ ಇದೆ: ‘ಯೂನಿವರ್ಸಿಟಿ’ ಶುರುವಾಗುವುದು ಯಕಾರದಿಂದ, ಅದು ವ್ಯಂಜನ. ‘ಅವರ್’, ಅಂದರೆ ಗಂಟೆ, ಶುರುವಾಗುವುದು ಅಕಾರದಿಂದ, ಹಾಗಾಗಿ ಆನ್ ಅವರ್. ಒಂದೇ ತೊಂದರೆ ಅಂದರೆ ನಾವು ‘ಎಲ್ಲಿ’ಯನ್ನು ‘ಯೆಲ್ಲಿ’ ಅನ್ನುವ ಜನ, ಅದೇ ರೀತಿ ‘ಯೆಮ್ಮೆಲ್ಲೆ’ ಅಂತೀವಿ, ಆಮೇಲೆ ಕಿವಿ ಮೋಸ ಹೋಗುತ್ತದೆ. ಅಲ್ಲಿ ಯಕಾರ ಇಲ್ಲ.

ಪ್ರಶ್ನೆ: ಇಂಟರ್‌ವ್ಯೂನಲ್ಲಿ ‘ಯು ಡೋಂಟ್ ಹ್ಯಾವ್ ಎ ಪಾಸ್‌ಪೋರ್ಟ್?’ ಅಂದರು. ನನ್ನ ಹತ್ತಿರ ಇರಲಿಲ್ಲ, ‘ಯೆಸ್’ ಅಂದೆ. ಹಾಗಾದರೆ ನಂಬರ್ ಕೊಡಿ ಅಂದರು!

ಉತ್ತರ: ನಕ್ಕೆ, ಕ್ಷಮಿಸಿ. ‘ಪಾಸ್‌ಪೋರ್ಟ್ ಇಲ್ವಾ?’ ಅಂದರೆ ‘ಹೌದು, ಇಲ್ಲ’ ಅನ್ನುತ್ತೇವೆ, ನೀವು ಹೇಳಿದ್ದು ಸರಿ ಅನ್ನುವ ಅರ್ಥದಲ್ಲಿ. ಇಂಗ್ಲಿಷ್‌ನಲ್ಲಿ ಎದುರಿನವರು ಹೇಳಿದ್ದು ಸರಿಯೋ ತಪ್ಪೋ ಅನ್ನುವುದು ಲೆಕ್ಕಕ್ಕಿಲ್ಲ, ವಸ್ತು ಇದ್ದರೆ ಯೆಸ್, ಇಲ್ಲದಿದ್ದರೆ ನೋ. ಪ್ರಶ್ನೆಯನ್ನು ಎಷ್ಟೇ ತಿರುಚಿ ಕೇಳಲಿ, ಉತ್ತರ ಬದಲಾಗುವುದಿಲ್ಲ. ಗಾಬರಿಯಲ್ಲಿ ಇದೆಲ್ಲ ಹೊಳೆಯದಿದ್ದರೆ ಯೆಸ್, ನೋ ಎರಡನ್ನೂ ಬಿಟ್ಟು ‘ಐ ಡೋಂಟ್ ಹ್ಯಾವ್ ಒನ್’ ಅಂದುಬಿಡಿ, ಯಾರೂ ನಂಬರ್ ಕೇಳುವುದಿಲ್ಲ.