ನೆಲದಡಿಯ ತಾಮ್ರಕ್ಕೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ಒಂದು ಸಣ್ಣ ಗಣಿ ಕಂಪನಿಯ ಷೇರು ಕೊಳ್ಳುವ ಯೋಚನೆಯಲ್ಲಿದ್ದೇನೆ. ತನ್ನ ಯೋಜನೆಯಲ್ಲಿ 10 ಕೋಟಿ ಟನ್ ಅದಿರಿದೆ, ಅದರಲ್ಲಿ ಶೇ 0.5ರಷ್ಟು ತಾಮ್ರವಿದೆ ಎಂದು ಕಂಪನಿ ಹೇಳುತ್ತಿದೆ. ಹೊಸದಾಗಿ ಕೊರೆದ ಕಡೆಯೂ 100 ಮೀಟರ್ ಉದ್ದಕ್ಕೆ ಶೇ 0.5 ಸಿಕ್ಕಿದೆಯಂತೆ. ಅಷ್ಟೂ ತಾಮ್ರವನ್ನು ಇಂದಿನ ದರಕ್ಕೆ ಗುಣಿಸಿದರೆ ಕಂಪನಿಯ ಷೇರುಗಳ ಒಟ್ಟು ಬೆಲೆಗಿಂತ ಎಷ್ಟೋ ಪಟ್ಟು ಆಗುತ್ತದೆ. ಹಾಗಾದರೆ ಷೇರು ಅಗ್ಗವಾಗಿದೆಯೇ? ಸುತ್ತಮುತ್ತ ಇನ್ನೂ ತಾಮ್ರ ಸಿಗಬಹುದೇ ಎಂದು ತಿಳಿಯುವುದು ಹೇಗೆ?

ಉತ್ತರ: ದಯವಿಟ್ಟು ಆ ಗುಣಾಕಾರವನ್ನು ಪಕ್ಕಕ್ಕಿಡಿ. ಜನ ಹಣ ಕಳೆದುಕೊಳ್ಳುವುದು ಜಾಸ್ತಿ ಅಲ್ಲೇ. ನಿಮ್ಮ ಲೆಕ್ಕದಂತೆ ನೆಲದಡಿ 5 ಲಕ್ಷ ಟನ್ ತಾಮ್ರ ಇದೆ ಅನ್ನೋಣ. ಅದಿರನ್ನು ಅರೆದು ಬೇರ್ಪಡಿಸಿದಾಗ ಶೇ 85ರಷ್ಟು ಕೈಗೆ ಬಂದರೆ ಉಳಿಯುವುದು 4.25 ಲಕ್ಷ ಟನ್. ಅದೂ ಸಾಮಾನ್ಯವಾಗಿ ಶೇ 25ರಿಂದ 30ರಷ್ಟು ತಾಮ್ರವಿರುವ ಪುಡಿಯ ರೂಪದಲ್ಲಿ. ಅದನ್ನು ಕೊಳ್ಳುವ ಸ್ಮೆಲ್ಟರ್‌ನವರು, ಅಂದರೆ ಪುಡಿಯನ್ನು ಕರಗಿಸಿ ಲೋಹ ತೆಗೆಯುವ ಕಾರ್ಖಾನೆಯವರು, ಪೂರ್ತಿ ಲೋಹಕ್ಕೆ ದುಡ್ಡು ಕೊಡುವುದಿಲ್ಲ. ಪುಡಿಯಲ್ಲಿ ಆರ್ಸೆನಿಕ್ ಜಾಸ್ತಿ ಇದ್ದರೆ ದಂಡವನ್ನೂ ಹಿಡಿಯುತ್ತಾರೆ. ಇದರ ಮೇಲೆ ಬರಡು ಕಲ್ಲು ಎತ್ತುವ ಖರ್ಚು, ನೀರು, ವಿದ್ಯುತ್, ರಸ್ತೆ, ರಾಯಧನ, ತೆರಿಗೆ ಎಲ್ಲವೂ ಇದೆ. ಗಣಿಗೆ ಹಣ ಮೊದಲೇ ಸುರಿಯಬೇಕು, ಆದಾಯ ಬರುವುದು ವರ್ಷಗಳ ನಂತರ. ವರ್ಷಕ್ಕೆ ಶೇ 8ರ ದರದಲ್ಲಿ ಲೆಕ್ಕ ಹಾಕಿದರೆ, ಹತ್ತು ವರ್ಷದ ನಂತರ ಬರುವ 100ಕ್ಕೆ ಇಂದಿನ ಬೆಲೆ ಸುಮಾರು 46 ಮಾತ್ರ.

ಇನ್ನು ಆ 100 ಮೀಟರ್ ಸುದ್ದಿ. ಪ್ರಕಟಣೆಯ ತಲೆಬರಹಕ್ಕೆ ನಿಲ್ಲಬೇಡಿ. ಕೊನೆಯಲ್ಲಿರುವ ಕೋಷ್ಟಕ ತೆರೆದು, ಯಾವ ಆಳದಲ್ಲಿ ಎಷ್ಟು ತಾಮ್ರ ಸಿಕ್ಕಿದೆ ಎಂದು ಸಾಲು ಸಾಲಾಗಿ ಓದಿ. 10 ಮೀಟರ್‌ನಲ್ಲಿ ಶೇ 4.1 ಇದ್ದು, ಉಳಿದ 90 ಮೀಟರ್‌ನಲ್ಲಿ ಬರೀ ಶೇ 0.1 ಇದ್ದರೂ ಸರಾಸರಿ ಶೇ 0.5 ಅಂತಲೇ ಬರುತ್ತದೆ! ಹಾಗಿದ್ದರೆ ನಿಮ್ಮ ಮುಂದಿರುವುದು ಒಂದು ತೆಳು ಪಟ್ಟಿ, 100 ಮೀಟರ್ ಅದಿರಲ್ಲ. ಅದಿರಿನ ಪದರ ಹೇಗೆ ವಾಲಿದೆ, ಯಾವ ಕೋನದಲ್ಲಿ ಕೊರೆದಿದ್ದಾರೆ ಅನ್ನುವುದನ್ನೂ ನೋಡಿ. ಪದರದ ಜೊತೆಜೊತೆಗೇ ಕೊರೆದರೆ ಉದ್ದ ಸಿಗುತ್ತದೆ, ನಿಜವಾದ ದಪ್ಪ ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಕೊರೆದರೂ ತಾಮ್ರ ಸಿಗದ ಹೋಲ್‌ಗಳೂ (ಕೊರೆದ ರಂಧ್ರಗಳು) ನಕ್ಷೆಯಲ್ಲಿ ಇರಬೇಕು. ಹೋಲ್ ನಂಬರ್‌ಗಳ ನಡುವೆ ಕೆಲವು ಕಾಣೆಯಾಗಿದ್ದರೆ, ಯಾಕೆ ಎಂದು ಕಂಪನಿಯನ್ನೇ ಕೇಳಿ.

ಆ 10 ಕೋಟಿ ಟನ್ ಯಾವ ವರ್ಗದ್ದು ಅನ್ನುವುದೂ ಮುಖ್ಯ. ಅದಿರಿನ ಅಂದಾಜನ್ನು ಹೇಗೆ ಪ್ರಕಟಿಸಬೇಕು ಎಂದು ಹೇಳುವ ಆಸ್ಟ್ರೇಲಿಯಾದ ಜೋರ್ಕ್, ಕೆನಡಾದ ಎನ್‌ಐ 43-101 ನಿಯಮಗಳಲ್ಲಿ ‘ಇನ್‌ಫರ್ಡ್’ ಅಂದರೆ ಅತಿ ಕಡಿಮೆ ಭರವಸೆಯ ಅಂದಾಜು. ‘ಇಂಡಿಕೇಟೆಡ್’, ‘ಮೆಷರ್ಡ್’ ಅದಕ್ಕಿಂತ ಗಟ್ಟಿ. ಲಾಭಕ್ಕೆ ತೆಗೆಯಬಹುದು ಎಂದು ಅಧ್ಯಯನದಲ್ಲಿ ತೋರಿದ ಮೇಲಷ್ಟೇ ಅದು ‘ರಿಸರ್ವ್’. ಪೂರ್ತಿ ಇನ್‌ಫರ್ಡ್ ಆಗಿದ್ದರೆ, ನಾನು ಅದಕ್ಕೆ ಗಣಿಯ ಬೆಲೆ ಕಟ್ಟುವುದಿಲ್ಲ.

ಇನ್ನೂ ತಾಮ್ರ ಸಿಗುವ ಸಾಧ್ಯತೆ ಬೇರೆಯೇ ಲೆಕ್ಕ. ಶೇ 0.5ರಷ್ಟು ತಾಮ್ರವಿರುವ ದೊಡ್ಡ ನಿಕ್ಷೇಪ ಹೆಚ್ಚಾಗಿ ಪಾರ್ಫಿರಿ ಜಾತಿಯದು, ಅಂದರೆ ಆಳದ ಶಿಲಾರಸ ಗಟ್ಟಿಯಾದ ಕಲ್ಲಿನಲ್ಲೂ ಅದರ ಸುತ್ತಲೂ ತಾಮ್ರ ಹರಡಿಕೊಂಡಿರುವಂಥದ್ದು. ಅಲ್ಲಿ ಬಿಸಿ ದ್ರವಗಳು ಸುತ್ತಲಿನ ಕಲ್ಲನ್ನು ಬದಲಿಸಿ ಗುರುತು ಬಿಟ್ಟಿರುತ್ತವೆ. ಹೊರಗಡೆ ಹಸಿರು ಖನಿಜಗಳಾದ ಕ್ಲೋರೈಟ್, ಎಪಿಡೋಟ್. ಒಳಗೆ ಬಂದಂತೆ ಸೆರಿಸೈಟ್, ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ). ನಡುಭಾಗದಲ್ಲಿ ಕಂದು ಬಯೊಟೈಟ್, ಪೊಟ್ಯಾಷಿಯಂ ಫೆಲ್ಡ್‌ಸ್ಪಾರ್. ಒಳ್ಳೆಯ ತಾಮ್ರ ಸಾಮಾನ್ಯವಾಗಿ ಈ ನಡುಭಾಗದಲ್ಲೋ ಅದರ ಅಂಚಿನಲ್ಲೋ ಇರುತ್ತದೆ. ಈಗಿನ ಹೋಲ್‌ಗಳು ಹೊರಗಿನ ಪದರದಲ್ಲೇ ನಿಂತಿದ್ದರೆ ಇನ್ನಷ್ಟು ಕೊರೆಯುವುದಕ್ಕೆ ಅರ್ಥವಿದೆ. ನಡುಭಾಗ ದಾಟಿ ಎಲ್ಲ ಕಡೆಯೂ ತಾಮ್ರ ಇಳಿಯುತ್ತಾ ಹೋಗಿದ್ದರೆ, ಆ ನಿಕ್ಷೇಪ ಅಷ್ಟಕ್ಕೇ ಮುಗಿದಿದೆ ಅಂತ ತಿಳಿಯಿರಿ. ‘ಭೂಭೌತ ಸಮೀಕ್ಷೆಯಲ್ಲಿ ದೊಡ್ಡ ಗುರಿ ಕಂಡಿದೆ’ ಅನ್ನುವ ಮಾತಿಗೂ ಸುಮ್ನೆ ತಲೆಯಾಡಿಸಬೇಡಿ. ತಾಮ್ರವಿಲ್ಲದ ಪೈರೈಟ್ ಕೂಡ ಐಪಿ ಸಮೀಕ್ಷೆಯಲ್ಲಿ (ನೆಲಕ್ಕೆ ವಿದ್ಯುತ್ ಹಾಯಿಸಿ ನೋಡುವ ಪರೀಕ್ಷೆ) ಅಷ್ಟೇ ಜೋರಾಗಿ ಕಾಣುತ್ತದೆ.

ಹಾಗಂತ ಆಳದ ಆಸೆ ಯಾವಾಗಲೂ ಪೊಳ್ಳಲ್ಲ. ಮಂಗೋಲಿಯಾದ ಒಯು ತೊಲ್ಗೊಯ್‌ನಲ್ಲಿ 1990ರ ದಶಕದಲ್ಲಿ ದೊಡ್ಡ ಗಣಿ ಕಂಪನಿ ಬಿಎಚ್‌ಪಿ ಕೊರೆದು ನೋಡಿ ಹಿಂದೆ ಸರಿಯಿತು. 2000ರಲ್ಲಿ ಐವನ್‌ಹೋ ಮೈನ್ಸ್ ಅದನ್ನು ವಹಿಸಿಕೊಂಡಿತು. 2001ರಲ್ಲಿ ಆಳಕ್ಕೆ ಕೊರೆದಾಗ ಭಾರಿ ನಿಕ್ಷೇಪ ಸಿಕ್ಕಿತು. ಅಂಥದ್ದು ಅಪರೂಪ, ಅಲ್ವಾ? ಆದ್ದರಿಂದ ಸಾಧ್ಯತೆಗೆ ಬೇರೆಯಾಗಿ, ಸಣ್ಣ ಬೆಲೆ ಕೊಡಿ. ಈಗಾಗಲೇ ಖಚಿತವಾದ ಅದಿರಿನ ಜೊತೆ ಅದನ್ನು ಬೆರೆಸಬೇಡಿ.

ಅನುಮತಿಯ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕೋಬ್ರೆ ಪನಾಮಾ ಓಡುತ್ತಿದ್ದ ದೊಡ್ಡ ತಾಮ್ರದ ಗಣಿ. ಅದರ ಗುತ್ತಿಗೆ ಸಂವಿಧಾನಕ್ಕೆ ವಿರುದ್ಧ ಎಂದು 2023ರ ನವೆಂಬರ್‌ನಲ್ಲಿ ಪನಾಮಾದ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಗಣಿಯೇ ನಿಂತಿತು. ಕಲ್ಲಿನಲ್ಲಿ ತಾಮ್ರ ಇದ್ದಷ್ಟೇ ಇತ್ತು.

ಷೇರು ಕೊಳ್ಳುವ ಮುನ್ನ ಕಂಪನಿಯ ಕೈಯಲ್ಲಿ ಎಷ್ಟು ನಗದಿದೆ, ಮೂರು ತಿಂಗಳಿಗೆ ಎಷ್ಟು ಖರ್ಚಾಗುತ್ತಿದೆ ಎಂದು ನೋಡಿ. ಮುಂದಿನ ಸುತ್ತಿನ ಡ್ರಿಲ್ಲಿಂಗ್‌ಗೂ ಹಣವಿಲ್ಲದಿದ್ದರೆ ಅವರು ಹೊಸ ಷೇರು ಬಿಡುವುದು ಬಹುತೇಕ ಖಚಿತ. ಆಗ ನಿಮ್ಮ ಪಾಲು ತೆಳ್ಳಗಾಗುತ್ತದೆ. ಅಂಥ ಕಡೆ ನಾನಾದರೆ ಆ ಷೇರು ಬಂದು, ಹೊಸ ಹೋಲ್‌ಗಳ ಫಲಿತಾಂಶ ಹೊರಬೀಳುವ ತನಕ ಕಾಯುತ್ತೇನೆ.