ಉಳುಮೆ ಇಲ್ಲದ, ಬೆಳೆಯ ಪಟ್ಟೆ ತುಳಿಯದೆ ಎಲ್ಲ ಯಂತ್ರಗಳೂ ಓಡಲೆಂದು ಚಕ್ರಕ್ಕೆ ಕಾಯಂ ದಾರಿ ಬಿಟ್ಟ ಹೊಲ ನೋಡಲು ಹೋದಾಗ ಏನೇನು ಗಮನಿಸಬೇಕು?

ಮೊದಲು ಗುದ್ದಲಿ ಕೇಳಿ. ಯಂತ್ರಗಳ ಮುಂದೆಯೇ ಹೊತ್ತು ಹೋದರೆ ಮಣ್ಣು ನೋಡಲಾಗುವುದಿಲ್ಲ, ನೋಡಬೇಕಾದದ್ದು ಮಣ್ಣನ್ನೇ. ಚಕ್ರದ ದಾರಿಯಲ್ಲಿ ಒಂದು, ಬೆಳೆಯ ಪಟ್ಟೆಯಲ್ಲಿ ಒಂದು, 30–40 ಸೆಂ.ಮೀ. ಆಳದ ಗುಂಡಿ ತೋಡಿಸಿ. ದಾರಿಯ ಮಣ್ಣು ಹಲಗೆಯಂತೆ ಎದ್ದರೆ ಚಿಂತೆಯಿಲ್ಲ, ಅದು ಗಟ್ಟಿಯಾಗಲೆಂದೇ ಬಿಟ್ಟ ಜಾಗ. ಪಟ್ಟೆಯ ಮಣ್ಣು ಮಾತ್ರ ಕಾಳುಕಾಳಾಗಿ ಉದುರಬೇಕು, ಎರೆಹುಳುವಿನ ರಂಧ್ರ ಕಾಣಬೇಕು. ಬೇರು 15–20 ಸೆಂ.ಮೀ. ಆಳದಲ್ಲಿ ಅಡ್ಡಕ್ಕೆ ತಿರುಗಿದ್ದರೆ ಹಳೆಯ ಗಟ್ಟಿಪದರ ಇನ್ನೂ ಇದೆ ಎಂದರ್ಥ. ಉಳುಮೆ ಬಿಟ್ಟ ಮಾತ್ರಕ್ಕೆ ಅದು ಬೇಗ ಕರಗುವುದಿಲ್ಲ. ಪೆನೆಟ್ರೋಮೀಟರ್ (ಮಣ್ಣಿನ ಗಟ್ಟಿತನ ಅಳೆಯುವ ಸಲಾಕೆ) ಇದ್ದರೆ ಚೆನ್ನಾಗಿ ನೆನೆದು ನೀರು ಬಸಿದ ಮಣ್ಣಿಗೆ ಒತ್ತಿ. 2 ಮೆಗಾಪಾಸ್ಕಲ್ ದಾಟಿದರೆ ಬೇರಿಗೆ ಕಷ್ಟ. ಒಣಮಣ್ಣಿನಲ್ಲಿ ಬಂದ ಅಂಕಿಯನ್ನು ನಂಬಬೇಡಿ.

ಆಮೇಲೆ ಅಳತೆ. ಎಲ್ಲ ಯಂತ್ರಗಳ ಎಡಬಲ ಚಕ್ರಗಳ ಅಂತರ ಒಂದೇ ಇದೆಯೇ? ದೊಡ್ಡ ಹೊಲಗಳಲ್ಲಿ 3 ಮೀ. ಸಾಮಾನ್ಯ. ಬಿತ್ತನೆ, ಕಟಾವು 12 ಮೀ. ಅಗಲವಾದರೆ ಸಿಂಪಡಣೆ ಅದರ ಎರಡು ಅಥವಾ ಮೂರು ಪಟ್ಟು, ಅಂದರೆ 24 ಅಥವಾ 36 ಮೀ. ಇರಬೇಕು, ಆಗಲೇ ಚಕ್ರ ಅದೇ ದಾರಿಗೆ ಬೀಳುವುದು. ಎಡವುವುದು ಸಾಮಾನ್ಯವಾಗಿ ಧಾನ್ಯದ ಟ್ರೈಲರ್‌ನಲ್ಲಿ: ತುಂಬಿದಾಗ ವಿಪರೀತ ಭಾರ, ಅಂತರ ಮಾತ್ರ ಬೇರೆ. ಒಂದೇ ಸಲ ಹಸಿ ಹೊಲದಲ್ಲಿ ಅದು ಅಡ್ಡಾಡಿದರೆ ವರ್ಷಗಳ ಶ್ರಮ ಹಾಳು.

ಬಿತ್ತನೆ ವೇಳೆ ಹೋದರೆ ಸಾಲನ್ನು ಬೆರಳಿನಿಂದ ಬಿಡಿಸಿ ನೋಡಿ. ಹಿಂದಿನ ಬೆಳೆಯ ಹುಲ್ಲು ತೇವವಾಗಿದ್ದರೆ ಬಿತ್ತನೆ ಯಂತ್ರದ ಡಿಸ್ಕ್ (ಸಾಲು ಸೀಳುವ ತಟ್ಟೆ) ಅದನ್ನು ಕತ್ತರಿಸದೆ ಮಡಚಿ ಸಾಲಿನೊಳಗೆ ತುರುಕುತ್ತದೆ. ಬೀಜ ಮಣ್ಣಿಗೆ ತಾಗದೆ ಮೊಳಕೆ ಕೈಕೊಡುತ್ತದೆ. ಬಿಸಿಲೇರುವವರೆಗೆ ಕಾಯಬೇಕು, ಡಿಸ್ಕ್ ಹರಿತವಿರಬೇಕು, ಕಟಾವಿನಲ್ಲೇ ಹುಲ್ಲನ್ನು ಸಮನಾಗಿ ಹರಡಿರಬೇಕು.

ಕಳೆಯನ್ನು ಹೇಗೆ ಹತೋಟಿಯಲ್ಲಿಟ್ಟಿದ್ದಾರೆ ಎಂದು ನೇರವಾಗಿ ಕೇಳಿ. ಒಂದೇ ಕಳೆನಾಶಕ ನೆಚ್ಚಿಕೊಂಡ ಕಡೆ ಅದಕ್ಕೆ ಬಗ್ಗದ ಕಳೆ ಹುಟ್ಟಿಕೊಳ್ಳುತ್ತದೆ.

ಬೂಟು ತೊಳೆದುಕೊಂಡೇ ಹೊಲಕ್ಕೆ ಇಳಿಯಿರಿ. ಕಳೆಬೀಜ, ಬೇರುರೋಗ ಎರಡೂ ಮಣ್ಣಿನ ಜೊತೆ ಸಾಗುತ್ತವೆ.