ಪ್ರತಿಕ್ರಿಯೆ: ಕೈಗೆಟುಕುವ ಬೆಲೆಯ ಕೆಂಪು ಮತ್ತು ಬಿಳಿ ವೈನ್
ಫ್ರಾನ್ಸಿನ ಹೆಸರಾಂತ ವೈನ್‌ಗಳಾದ ಬೋರ್ಡೋ, ಬರ್ಗಂಡಿಗಳ ಬೆಲೆ ಕೈಗೆಟುಕದಿರುವಾಗ ಊಟದ ಜೊತೆಗೆ ಯಾವ ಕೆಂಪು, ಯಾವ ಬಿಳಿ ವೈನನ್ನು ಕೊಳ್ಳಬಹುದೆಂದು ಕೇಳಿದ್ದೀರಿ. ಕೆಂಪಿಗೆ ನಾನು ಮೊದಲು ಸೂಚಿಸುವುದು ಸ್ಪೇನಿನ ರಿಯೋಹಾ. ಬಾಟಲಿಯ ಚೀಟಿಯಲ್ಲಿ ‘ಕ್ರಿಯಾನ್ಸಾ’ ಎಂದಿದ್ದರೆ, ಆ ವೈನ್ ಕನಿಷ್ಠ 2 ವರ್ಷ ಮಾಗಿರಬೇಕು, ಅದರಲ್ಲಿ 1 ವರ್ಷವನ್ನಾದರೂ ಓಕ್ ಪೀಪಾಯಿಯಲ್ಲಿ ಕಳೆದಿರಬೇಕು ಎಂಬುದು ಅಲ್ಲಿನ ನಿಯಮವಾದ್ದರಿಂದ, ಕಾಯುವ ಕೆಲಸವನ್ನು ತಯಾರಕರೇ ಮುಗಿಸಿರುತ್ತಾರೆ. ದಿನನಿತ್ಯದ ಊಟಕ್ಕೆ ಇದಕ್ಕಿಂತ ಹೆಚ್ಚು ಕಾಲ ಮಾಗಿಸಿದ, ಇನ್ನೂ ದುಬಾರಿಯಾದ ‘ರಿಸರ್ವಾ’ ಬೇಕಾಗಿಲ್ಲ.

ಬಿಳಿಗೆ, ಫ್ರಾನ್ಸಿನ ಲ್ವಾರ್ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಸೀಮೆಯ ಮಸ್ಕಡೆ ಎಂಬ ವೈನನ್ನು ನೋಡಿ. ‘ಸ್ಯುರ್ ಲೀ’ ಎಂದು ಬರೆದಿರುವುದನ್ನೇ ಆರಿಸಿ. ಹುದುಗಿದ ಮೇಲೆ ಅದನ್ನು ಚಳಿಗಾಲವಿಡೀ ತಳದ ಯೀಸ್ಟಿನ ಗಸಿಯ ಮೇಲೆಯೇ ಬಿಡುವುದರಿಂದ, ತೆಳುವಾದ ಆ ವೈನಿಗೂ ಒಂದು ತುಂಬುತನ ಬರುತ್ತದೆ. ಹುರಿದ ಮೀನಿಗೆ ಇದಕ್ಕಿಂತ ಚೆನ್ನಾಗಿ ಒಪ್ಪುವುದನ್ನು ಈ ಬೆಲೆಯಲ್ಲಿ ನಾನು ಕಂಡಿಲ್ಲ.